ಪರದೆ ಏಳುವ ಮೊದಲಿನ ನಾದ

ಹೊಸಪೇಟೆಯಲ್ಲಿ ರೈಲು ಇಳಿಯುವ ಪ್ರವಾಸಿಗರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ಹಂಪಿಯ ಬಸ್ಸು ಎಲ್ಲಿ ಸಿಗುತ್ತದೆ? ತುಂಗಭದ್ರಾ ಅಣೆಕಟ್ಟೆ ನೋಡಲು ಎಷ್ಟು ಹೊತ್ತು ಬೇಕು? ಊಟಕ್ಕೆ ಒಳ್ಳೆಯ ಖಾನಾವಳಿ ಯಾವುದು? ಮೂರೂ ಕಣ್ಣಿಗೆ ಮತ್ತು ಹೊಟ್ಟೆಗೆ ಸಂಬಂಧಿಸಿದ ಪ್ರಶ್ನೆಗಳು. ಈ ಸೀಮೆಯಲ್ಲಿ ಕಿವಿಗೆ ಏನು ಸಿಗುತ್ತದೆ ಎಂದು ಕೇಳುವವರು ಕಡಿಮೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಈ ನಾಲ್ಕು ಊರುಗಳನ್ನು ಕಣ್ಣಿನ ಜೊತೆಗೆ ಕಿವಿಯನ್ನೂ ತೆರೆದುಕೊಂಡು ಸುತ್ತಿದರೆ ಒಂದು ವಿಶೇಷ ಗಮನಕ್ಕೆ ಬರುತ್ತದೆ. ಇಲ್ಲಿ ಮದುವೆಯಾಗಲಿ, ರಥೋತ್ಸವವಾಗಲಿ, ಬಯಲಾಟವಾಗಲಿ, ಶಾಲೆಯ ಧ್ವಜವಂದನೆಯಾಗಲಿ, ವಾದ್ಯ ಮೊಳಗದೆ ಯಾವುದೂ ಶುರುವಾಗುವುದಿಲ್ಲ.

ಹೀಗೆ ಶುರುವಿನಲ್ಲಿ ನುಡಿಸುವ ಸಂಗೀತಕ್ಕೆ ಪಶ್ಚಿಮದವರು 'ಓವರ್ಚರ್' ಎಂದು ಹೆಸರಿಟ್ಟಿದ್ದಾರೆ. ತೆರೆಯುವುದು ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದ ಪದ ಅದು. ಸಂಗೀತ ನಾಟಕದ ಪರದೆ ಏಳುವ ಮೊದಲು ವಾದ್ಯವೃಂದ ಐದು ಹತ್ತು ನಿಮಿಷ ನುಡಿಸುವ ಪೀಠಿಕೆ ಎಂದರೆ ಸರಿಯಾದೀತು. ನಮ್ಮಲ್ಲಿ ಇದಕ್ಕೆ ಇನ್ನೂ ಹಳೆಯ ಹೆಸರುಂಟು: ಪೂರ್ವರಂಗ. ಭರತನ ನಾಟ್ಯಶಾಸ್ತ್ರದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ವಾದ್ಯಗಳನ್ನು ಜೋಡಿಸಿಡುವುದು, ಶ್ರುತಿ ನೋಡುವುದು, ಕೈ ಪಳಗಿಸಿಕೊಳ್ಳುವುದು ಮುಂತಾದ ಒಂಬತ್ತು ಕೆಲಸಗಳು ಪರದೆಯ ಹಿಂದೆಯೇ ನಡೆಯಬೇಕು ಎಂದು ಅಲ್ಲಿ ಹೇಳಿದೆ. ಅಂದರೆ ಆರಂಭಕ್ಕೂ ಒಂದು ಶಾಸ್ತ್ರವಿದೆ, ಅದಕ್ಕೂ ದುಡಿಮೆ ಬೇಕು ಎಂಬುದು ಹಿರಿಯರಿಗೆ ಗೊತ್ತಿತ್ತು.

ಆದರೆ ಆ ದುಡಿಮೆಯ ಕಡೆಗೆ ನಮ್ಮ ಗಮನ ಎಷ್ಟಿದೆ?

ಹೊಸಪೇಟೆಯ ಬೀದಿಯಲ್ಲಿ

ಕೃಷ್ಣದೇವರಾಯ ನಾಗಲಾದೇವಿಯ ಹೆಸರಿನಲ್ಲಿ ಕಟ್ಟಿಸಿದ ನಾಗಲಾಪುರವೇ ಇಂದಿನ ಹೊಸಪೇಟೆ. 1953ರಲ್ಲಿ ಅಣೆಕಟ್ಟೆಯ ನೀರು ಕಾಲುವೆಗೆ ಹರಿದ ಮೇಲೆ ಊರು ಬೆಳೆಯಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಅದರ ಕೇಂದ್ರವೂ ಆಯಿತು. ವೈಶಾಖದ ಲಗ್ನದ ದಿನಗಳಲ್ಲಿ ಇಲ್ಲಿನ ಬೀದಿಗಳಲ್ಲಿ ಸಂಜೆಯಾದರೆ ಮೆರವಣಿಗೆ. ಮೆರವಣಿಗೆಯ ಮುಂದೆ ಕೆಂಪು ಅಂಗಿ, ಚಿನ್ನದ ಬಣ್ಣದ ಪಟ್ಟಿ, ತಲೆಗೆ ಟೋಪಿ ಹಾಕಿದ ಬ್ಯಾಂಡ್ ಸೆಟ್ಟಿನವರು. ಕ್ಲಾರಿನೆಟ್, ಟ್ರಂಪೆಟ್, ಸ್ಯಾಕ್ಸೊಫೋನ್, ಹೊಟ್ಟೆ ದಪ್ಪಗಿರುವ ಯುಫೋನಿಯಂ, ಸೈಡ್ ಡ್ರಮ್, ಎದೆಗೆ ಕಟ್ಟಿಕೊಂಡ ದೊಡ್ಡ ಡ್ರಮ್, ಕಂಚಿನ ತಾಳ. ನಮ್ಮ ದೇಶದ ಬ್ಯಾಂಡುಗಳ ಹಿತ್ತಾಳೆ ವಾದ್ಯಗಳಲ್ಲಿ ಬಹುಪಾಲು ತಯಾರಾಗುವುದು ದೂರದ ಮೀರತ್ ನಗರದಲ್ಲಿ.

ಮದುವೆ ಮನೆಯ ಮುಂದೆ ಬ್ಯಾಂಡಿನವರು ಬಂದು ನಿಂತಾಗ ಮೊದಲು ಕೇಳಿಸುವುದು ಸಿನಿಮಾ ಹಾಡಲ್ಲ. ಸೈಡ್ ಡ್ರಮ್ಮಿನ ಮೇಲೆ ಕಡ್ಡಿಗಳು ಒಮ್ಮೆ ದಡದಡನೆ ಉರುಳುತ್ತವೆ. ಕ್ಲಾರಿನೆಟ್ಟಿನವರು ಒಂದು ಸ್ವರ ಹಿಡಿಯುತ್ತಾರೆ, ಉಳಿದವರು ಆ ಸ್ವರಕ್ಕೆ ಬಂದು ಸೇರುತ್ತಾರೆ. ಆಮೇಲೆ ಗಣಪತಿಯ ಒಂದು ಹಾಡು. ಅಷ್ಟು ಹೊತ್ತಿಗೆ ಒಳಗಿದ್ದವರು ಹೊರಗೆ ಬರುತ್ತಾರೆ, ಎದುರು ಮನೆಯ ಮಾಳಿಗೆಯ ಮೇಲೆ ಮಕ್ಕಳು ಸೇರುತ್ತಾರೆ, ಆರತಿ ತಟ್ಟೆ ಸಿದ್ಧವಾಗುತ್ತದೆ. ಚದುರಿದ್ದ ಜನ ಒಂದು ಸಭೆಯಾಗುತ್ತಾರೆ. ಓವರ್ಚರ್ ಮಾಡುವ ಕೆಲಸವೂ ಇದೇ. ಜಗತ್ತಿನ ಯಾವ ರಂಗಮಂದಿರದಲ್ಲಾದರೂ ಅದು ಇದಕ್ಕಿಂತ ಹೆಚ್ಚಿನದೇನನ್ನೂ ಮಾಡುವುದಿಲ್ಲ.

ಪಿಟೀಲು ಇಲ್ಲದ, ಉಸಿರಿನಿಂದ ನುಡಿಸುವ ವಾದ್ಯಗಳು ಮತ್ತು ತಾಳವಾದ್ಯಗಳೇ ಮುಖ್ಯವಾಗಿರುವ ದೊಡ್ಡ ಮೇಳಕ್ಕೆ ಕನ್ಸರ್ಟ್ ಬ್ಯಾಂಡ್ ಎಂದು ಹೆಸರು. ಅದರ ಹುಟ್ಟಿಗೂ ಬೀದಿಗೂ ನೇರ ಸಂಬಂಧವಿದೆ. 1789ರ ಫ್ರಾನ್ಸ್ ಕ್ರಾಂತಿಯ ನಂತರ ಪ್ಯಾರಿಸ್ಸಿನಲ್ಲಿ ರಾಷ್ಟ್ರೀಯ ಉತ್ಸವಗಳು ಬಯಲಿನಲ್ಲಿ, ಸಾವಿರಾರು ಜನರ ನಡುವೆ ನಡೆಯತೊಡಗಿದವು. ಬಯಲಿನಲ್ಲಿ ಪಿಟೀಲಿನ ದನಿ ಹತ್ತು ಮಾರು ಹೋಗುವುದರೊಳಗೆ ಸೋರಿಹೋಗುತ್ತದೆ. ಕೊಳಲು, ಕ್ಲಾರಿನೆಟ್, ಕಹಳೆ, ನಗಾರಿಗಳ ದನಿ ಮಾತ್ರ ದೂರ ಮುಟ್ಟುತ್ತದೆ. ಹೀಗಾಗಿ 1790ರ ದಶಕದಲ್ಲಿ ಗೊಸೆಕ್, ಕತೆಲ್ ಮೊದಲಾದವರು ಇಂತಹ ಮೇಳಕ್ಕೆಂದೇ ಓವರ್ಚರ್‌ಗಳನ್ನು ಬರೆದರು. ನಾಟಕವೂ ಇಲ್ಲ, ಪರದೆಯೂ ಇಲ್ಲ. ಜನರನ್ನು ಒಂದುಗೂಡಿಸುವುದಷ್ಟೇ ಉದ್ದೇಶ.

ವಿದ್ಯಾರ್ಥಿಗಳು ತಿಳಿಯಬೇಕಾದ ಇನ್ನೊಂದು ಸಂಗತಿ ಇದೆ. 1824ರಲ್ಲಿ ಜರ್ಮನಿಯ ಬಾಡ್ ಡೊಬೆರಾನ್ ಎಂಬ ಕಡಲ ತಡಿಯ ಊರಿಗೆ ಬಾಲಕನೊಬ್ಬ ತನ್ನ ತಂದೆಯ ಜೊತೆ ಹೋಗಿದ್ದ. ಅಲ್ಲಿ ದೊರೆಯ ಹನ್ನೊಂದು ಜನರ ಸಣ್ಣ ಬ್ಯಾಂಡು ಇತ್ತು. ಅದನ್ನು ಕೇಳಿ ಅವರಿಗಾಗಿ ಒಂದು ಕೃತಿ ರಚಿಸಿದ. ಆಗ ಅವನಿಗೆ 15 ವರ್ಷ, ನಮ್ಮ ಹತ್ತನೇ ತರಗತಿಯ ವಯಸ್ಸು. ಅವನೇ ಫೆಲಿಕ್ಸ್ ಮೆಂಡೆಲ್ಸನ್. 1838ರಲ್ಲಿ ಅವನು ಅದನ್ನೇ ದೊಡ್ಡ ಬ್ಯಾಂಡಿಗೆ ಹೊಂದಿಸಿದ. ಗಾಳಿವಾದ್ಯಗಳ ಆ ಓವರ್ಚರ್ ಅನ್ನು ಇಂದಿಗೂ ಲೋಕದ ನಾನಾ ಕಡೆಯ ಶಾಲಾ ಕಾಲೇಜುಗಳ ಬ್ಯಾಂಡುಗಳು ಅಭ್ಯಾಸ ಮಾಡುತ್ತವೆ.

"ಓದೋದು ಬಿಟ್ಟು ಬ್ಯಾಂಡ್ ಬಾರಿಸ್ತೀಯೇನಲೇ?" ಎಂಬುದು ನಮ್ಮ ಕಡೆಯ ಮನೆಗಳಲ್ಲಿ ಅಪರೂಪದ ಮಾತೇನಲ್ಲ. ಮಗ ಓದು ಬಿಡಬಾರದು ಎಂಬ ತಂದೆಯ ಕಾಳಜಿ ಸಹಜವಾದದ್ದೇ. ಆದರೆ ಆ ಮಾತಿನಲ್ಲಿ 'ಬಾರಿಸುವುದು' ಎಂಬುದರ ಬಗ್ಗೆ ಇರುವ ಹಗುರ ಭಾವನೆ ಎಲ್ಲಿಂದ ಬಂತು? ಅದನ್ನು ತಿಳಿಯಲು ಹಂಪಿಗೆ ಹೋಗಬೇಕು.

ಮಹಾನವಮಿ ದಿಬ್ಬದ ಮೆರವಣಿಗೆ

ಹೊಸಪೇಟೆಯಿಂದ ಹಂಪಿ 13 ಕಿಲೋಮೀಟರ್. ಕಮಲಾಪುರದ ಕಡೆಯಿಂದ ರಾಜಾವರಣಕ್ಕೆ ಬಂದರೆ ಮಹಾನವಮಿ ದಿಬ್ಬ ಎದುರಾಗುತ್ತದೆ. ಮೇಲಿನ ಮಂಟಪ ಹಾಳಾಗಿ ಹೋಗಿದೆ, ಕಲ್ಲಿನ ಜಗತಿ ಮಾತ್ರ ಉಳಿದಿದೆ. ಅದರ ಸುತ್ತಲೂ ಸಾಲು ಸಾಲು ಉಬ್ಬುಶಿಲ್ಪಗಳು: ಆನೆ, ಕುದುರೆ, ಬೇಟೆ, ಕೋಲಾಟ, ಮದ್ದಳೆ ಬಾರಿಸುವವರು, ಕುಣಿಯುವವರು. ಅರಸನ ಮುಖ ಹುಡುಕುತ್ತ ಬೇಗ ಬೇಗ ನಡೆಯುವವರಿಗೆ ಇವರು ಕಾಣುವುದಿಲ್ಲ. ನಿಂತು ನೋಡಿದರೆ ದಿಬ್ಬದ ಮೈಯೆಲ್ಲ ಒಂದು ಮೆರವಣಿಗೆಯಂತಿದೆ.

1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಒಂಬತ್ತು ದಿನಗಳ ಹಬ್ಬವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅವನ ಬರಹದಲ್ಲಿ ಕಹಳೆ, ನಗಾರಿ, ಊದುವ ವಾದ್ಯಗಳ ಮಾತು ಮತ್ತೆ ಮತ್ತೆ ಬರುತ್ತದೆ. ಸ್ವಲ್ಪ ದೂರದ ಗಜಶಾಲೆಗೆ ಹೋದರೆ ಗುಮ್ಮಟಗಳಿರುವ ಹನ್ನೊಂದು ಕೋಣೆಗಳ ಸಾಲು ಕಾಣುತ್ತದೆ. ನಡುವಿನ ಕೋಣೆಯ ಮೇಲೆ ಈಗ ಮುರಿದು ನಿಂತಿರುವ ಸಣ್ಣ ಮಂಟಪವೊಂದಿದೆ. ಆನೆಗಳು ಮೆರವಣಿಗೆಗೆ ಹೊರಡುವಾಗ ವಾದ್ಯದವರು ಕೂರುತ್ತಿದ್ದ ಜಾಗ ಅದಿರಬೇಕು ಎಂದು ವಿದ್ವಾಂಸರು ಊಹಿಸುತ್ತಾರೆ. ಊಹೆ ನಿಜವಾದರೆ, ಆನೆಗಿಂತಲೂ ಎತ್ತರದ ಜಾಗವನ್ನು ಆ ಕಾಲದವರು ಬಾರಿಸುವವರಿಗೆ ಕೊಟ್ಟಿದ್ದರು ಎಂದಾಯಿತು!

ವಿಠ್ಠಲ ದೇವಾಲಯದ ಮಹಾಮಂಟಪದ ಕಂಬಗಳನ್ನು ಎಲ್ಲರೂ ಬಲ್ಲರು. ತಟ್ಟಿದರೆ ನಾದ ಹೊಮ್ಮುವ ಆ ಸಣ್ಣ ಕಂಬಗಳನ್ನು ಈಗ ಯಾರೂ ಮುಟ್ಟುವಂತಿಲ್ಲ. ಸಾವಿರಾರು ಕೈಗಳ ಪೆಟ್ಟಿಗೆ ಕಲ್ಲು ಸವೆಯುತ್ತದೆಂದು ನಿಷೇಧಿಸಲಾಗಿದೆ. ಮುಟ್ಟದೆ ದೂರದಿಂದಲೇ ನೋಡಿ ಬರುವುದು ಒಳ್ಳೆಯದು. ಹತ್ತಿರದಲ್ಲೇ ಹೊಳೆಯ ದಂಡೆಯಲ್ಲಿ ಪುರಂದರ ಮಂಟಪವಿದೆ. ಸಂಗೀತ ಕಲಿಯುವ ಮಕ್ಕಳು ಮೊದಲು ಹಾಡುವ ಸರಳೆ, ಜಂಟಿ, ಅಲಂಕಾರಗಳ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂಬುದು ಸಂಪ್ರದಾಯದ ನಂಬಿಕೆ. ಕಲಿಕೆಗೂ ಒಂದು ಸರಿಯಾದ ಆರಂಭ ಬೇಕಲ್ಲವೇ?

1565ರ ಯುದ್ಧದ ನಂತರ ಹಂಪಿ ಪಾಳುಬಿದ್ದಿತು. ಆದರೆ ಮಹಾನವಮಿ ನಿಲ್ಲಲಿಲ್ಲ. 1610ರಲ್ಲಿ ಶ್ರೀರಂಗಪಟ್ಟಣ ಗೆದ್ದ ರಾಜ ಒಡೆಯರು ವಿಜಯನಗರದ ಪದ್ಧತಿಯಂತೆ ಅಲ್ಲಿ ದಸರೆ ನಡೆಸಿದರು. ಮುಂದೆ ಅದು ಮೈಸೂರಿನ ದಸರೆಯಾಯಿತು. ಹಂಪಿಯ ನಗಾರಿ ಕಹಳೆಗಳ ಜಾಗಕ್ಕೆ ಕಾಲಾನಂತರ ಅರಮನೆಯ ಬ್ಯಾಂಡು ಬಂತು. ಕ್ಲಾರಿನೆಟ್ ಟ್ರಂಪೆಟ್ಟುಗಳ ಆಂಗ್ಲ ವಾದ್ಯವೃಂದ ಒಂದು, ನಮ್ಮ ರಾಗತಾಳಗಳ ಕರ್ನಾಟಕ ವಾದ್ಯವೃಂದ ಇನ್ನೊಂದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಜರ್ಮನಿಯ ಒಟ್ಟೊ ಷ್ಮಿಟ್ ಅರಮನೆಯ ವಾದ್ಯವೃಂದವನ್ನು ನಡೆಸಿದರು. ವೀಣೆ ವೆಂಕಟಗಿರಿಯಪ್ಪನವರು ವಾದ್ಯವೃಂದಕ್ಕೆಂದು 'ನಗ್ಮಾ' ಎಂಬ ಹೊಸ ಬಗೆಯ ರಚನೆಗಳನ್ನು ಮಾಡಿದರು. ಜಯಚಾಮರಾಜ ಒಡೆಯರಂತೂ ಪಶ್ಚಿಮದ ಸಂಗೀತವನ್ನು ಆಳವಾಗಿ ಬಲ್ಲವರು. ರಷ್ಯದ ಮೆಟ್ನರ್ ಎಂಬ ಸಂಗೀತಕಾರನ ಕೃತಿಗಳು ಲಂಡನ್ನಿನಲ್ಲಿ ಧ್ವನಿಮುದ್ರಣಗೊಳ್ಳಲು ಹಣ ಕೊಟ್ಟವರು ಅವರು. ಅರಸೊತ್ತಿಗೆ ಮುಗಿದ ಮೇಲೆ ಈ ಪರಂಪರೆ ಪೊಲೀಸ್ ಇಲಾಖೆಗೆ ಬಂತು. ಇಂದು ದಸರೆಯಲ್ಲಿ ಅರಮನೆಯ ಮುಂದೆ ಪೊಲೀಸ್ ಸಮೂಹ ವಾದ್ಯಮೇಳ ನುಡಿಸುವಾಗ, ಹಂಪಿಯ ದಿಬ್ಬದ ಮೇಲೆ ಕಲ್ಲಾಗಿ ನಿಂತ ಮದ್ದಳೆಗಾರರ ಕೆಲಸವೇ ಸಮವಸ್ತ್ರ ತೊಟ್ಟು ಮುಂದುವರಿದಿದೆ ಎನ್ನಬಹುದು.

ಬ್ಯಾಂಡಿನ ದನಿಗೆ ನಮ್ಮ ಸಂಗೀತ ಬಾಗಿಲು ಮುಚ್ಚಲಿಲ್ಲ ಎಂಬುದಕ್ಕೆ ಮುತ್ತುಸ್ವಾಮಿ ದೀಕ್ಷಿತರೇ (1775–1835) ಸಾಕ್ಷಿ. ಇಂಗ್ಲಿಷರ ಬ್ಯಾಂಡುಗಳಲ್ಲಿ ಕೇಳಿದ ಧಾಟಿಗಳಿಗೆ ಅವರು ಸಂಸ್ಕೃತ ಸಾಹಿತ್ಯ ಹೊಂದಿಸಿದರು. 'ನೊಟ್ಟುಸ್ವರ' ಎಂದು ಹೆಸರಾದ ಆ ಪುಟ್ಟ ಹಾಡುಗಳು ಶಂಕರಾಭರಣದಲ್ಲಿವೆ. ಸಂಗೀತದ ತರಗತಿಯ ಚಿಕ್ಕ ಮಕ್ಕಳು ಇಂದಿಗೂ ಅವನ್ನು ನಲಿಯುತ್ತ ಹಾಡುತ್ತಾರೆ.

ಸಂಡೂರಿನ ಕಣಿವೆಯಲ್ಲಿ

ಅರಮನೆಯ ಬ್ಯಾಂಡಿಗೆ ಗೌರವವಿತ್ತು, ಸಂಬಳವಿತ್ತು. ಊರಿನ ಬಾರಿಸುವವರ ಕಥೆ ಬೇರೆ. ಅದಕ್ಕಾಗಿ ಹೊಸಪೇಟೆಗೆ ಮರಳಿ, ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದ ಸಂಡೂರಿನ ದಾರಿ ಹಿಡಿಯಬೇಕು.

ಸುತ್ತ ಬೆಟ್ಟ, ನಡುವೆ ಕಣಿವೆ. ಬೆಟ್ಟವನ್ನು ಸೀಳಿಕೊಂಡು ಹರಿಯುವ ನಾರಿಹಳ್ಳ. ಮಳೆಗಾಲದಲ್ಲಿ ಹಸಿರು, ಬೇಸಿಗೆಯಲ್ಲಿ ಕೆಂಪು ದೂಳು. ಘೋರ್ಪಡೆ ಮನೆತನದ ಈ ಪುಟ್ಟ ಸಂಸ್ಥಾನ 1949ರಲ್ಲಿ ಭಾರತದ ಆಡಳಿತದಲ್ಲಿ ವಿಲೀನವಾಯಿತು. ಕಬ್ಬಿಣದ ಅದಿರಿನ ಲಾರಿಗಳ ಸದ್ದು ಈ ಕಣಿವೆಗೆ ಹೊಸದಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಆ ಸದ್ದು ಒಮ್ಮೆ ಅಡಗಿತ್ತು. ನಂತರ ನಿಯಮಗಳಿಗೆ ಒಳಪಟ್ಟು ಮತ್ತೆ ಶುರುವಾಯಿತು.

ಬೆಟ್ಟದ ಮೇಲೆ ಪ್ರಾಚೀನವಾದ ಪಾರ್ವತಿ ಮತ್ತು ಕುಮಾರಸ್ವಾಮಿ ದೇವಾಲಯಗಳಿವೆ. ನಮ್ಮ ನಾಡಿನ ಹಳ್ಳಿಗಳಲ್ಲಿ ಜಾತ್ರೆ, ರಥೋತ್ಸವಗಳು ಹಲಗೆಯ ಸದ್ದಿನಿಂದಲೇ ಶುರುವಾಗುತ್ತವೆ. ಬಾರಿಸುವ ಮೊದಲು ಬೆಂಕಿಯ ಹತ್ತಿರ ಹಲಗೆ ಕಾಯಿಸುತ್ತಾರೆ. ಬಿಸಿಗೆ ಚರ್ಮ ಬಿಗಿಯಾಗಿ ದನಿ ಏರುತ್ತದೆ. ಕನ್ಸರ್ಟ್ ಬ್ಯಾಂಡಿನವರೂ ಕಾರ್ಯಕ್ರಮದ ಮೊದಲು ವಾದ್ಯದೊಳಗೆ ಬಿಸಿ ಉಸಿರು ಊದಿ ಅದನ್ನು ಶ್ರುತಿಗೆ ತರುತ್ತಾರೆ. ಗಾಳಿ ಬೆಚ್ಚಗಾದಷ್ಟೂ ಊದುವ ವಾದ್ಯದ ಶ್ರುತಿ ಮೇಲೇರುತ್ತದೆ ಎಂಬುದು ಭೌತಶಾಸ್ತ್ರ ಓದುವವರಿಗೆ ಗೊತ್ತು. ಬಿಸಿಯಾದ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ನುಡಿಸುವ ಕ್ಲಾರಿನೆಟ್ಟಿನವರಿಗೆ ಈ ಪಾಠವನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ.

ಹಲಗೆ ಬಾರಿಸುತ್ತಿದ್ದವರಲ್ಲಿ ಹೆಚ್ಚಿನವರು ದಲಿತರು. ದೇವರ ಉತ್ಸವವನ್ನು ತೆರೆಯುವುದು ಅವರ ಕೈ, ಆದರೆ ಗುಡಿಯ ಬಾಗಿಲು ಅವರಿಗೆ ತೆರೆಯುತ್ತಿರಲಿಲ್ಲ. ಶತಮಾನಗಳ ಕಾಲ ನಡೆದ ಅನ್ಯಾಯವಿದು. ಸಂಡೂರಿನ ಹೆಸರು ಇಲ್ಲಿ ನೆನೆಯಬೇಕಾದದ್ದು ಏಕೆಂದರೆ, 1930ರ ದಶಕದ ಆರಂಭದಲ್ಲಿಯೇ, ತಿರುವಾಂಕೂರಿನ 1936ರ ಪ್ರಸಿದ್ಧ ಘೋಷಣೆಗೂ ಮೊದಲೇ, ಇಲ್ಲಿನ ಅರಸರು ಕುಮಾರಸ್ವಾಮಿ ದೇವಾಲಯಕ್ಕೆ ದಲಿತರ ಪ್ರವೇಶವನ್ನು ಮುಕ್ತಗೊಳಿಸಿದರು. ಗಾಂಧೀಜಿ ಅದನ್ನು ಮೆಚ್ಚಿಕೊಂಡರು. ಕಾಯಿದೆ ಬದಲಾದಷ್ಟು ಬೇಗ ಜನರ ಮನಸ್ಸು ಬದಲಾಗುವುದಿಲ್ಲ, ನಿಜ. 'ಬಾರಿಸುವುದು' ಎಂಬ ಮಾತಿನ ಹಿಂದಿನ ಹಗುರ ಭಾವನೆಯ ಬೇರು ಇರುವುದು ಇಲ್ಲೇ. ಯಾರ ಕೈ ಬಾರಿಸುತ್ತಿತ್ತೋ ಅವರನ್ನು ಸಮಾಜ ಕೀಳಾಗಿ ಕಂಡಿತು, ಆ ಕೆಲಸವನ್ನೂ ಕೀಳಾಗಿ ಕಂಡಿತು. ಮಗುವೊಂದು ಡ್ರಮ್ಮಿನ ಕಡ್ಡಿ ಹಿಡಿದಾಗ ಮನೆಯವರ ಹಣೆ ಗಂಟಿಕ್ಕುವುದರ ಹಿಂದೆ ಓದಿನ ಚಿಂತೆಯೊಂದೇ ಇದೆಯೇ ಎಂದು ಪಾಲಕರು ತಮ್ಮನ್ನು ತಾವು ಕೇಳಿಕೊಳ್ಳಬೇಕು.

ಇಂದು ಆಗಸ್ಟ್ 15ರ ಬೆಳಿಗ್ಗೆ ಯಾವ ಶಾಲೆಯ ಮೈದಾನಕ್ಕೆ ಹೋದರೂ ಎಲ್ಲ ಮನೆಗಳ ಮಕ್ಕಳೂ ಒಂದೇ ಸಾಲಿನಲ್ಲಿ ನಿಂತು ಡ್ರಮ್ಮು ಬಾರಿಸುತ್ತಾರೆ, ಒಂದೇ ಹೆಜ್ಜೆ ಹಾಕುತ್ತಾರೆ. ಗುಡಿಯ ಬಾಗಿಲು ತೆರೆದದ್ದಕ್ಕಿಂತ ಇದು ಸಣ್ಣ ಸಂಗತಿಯೇನಲ್ಲ.

ಕಂಪ್ಲಿಯ ಬಯಲು

ಹೊಸಪೇಟೆಯಿಂದ ಇನ್ನೊಂದು ದಿಕ್ಕಿಗೆ, ಹಂಪಿಯ ಪಕ್ಕದ ಕಮಲಾಪುರವನ್ನು ಹಾದು ಕಾಲುವೆ, ಬಾಳೆತೋಟ, ಭತ್ತದ ಗದ್ದೆಗಳ ನಡುವೆ ಸುಮಾರು 30 ಕಿಲೋಮೀಟರ್ ಸಾಗಿದರೆ ಕಂಪ್ಲಿ. ತುಂಗಭದ್ರೆಯ ದಂಡೆಯಲ್ಲಿ ಹಳೆಯ ಕೋಟೆ. ವಿಜಯನಗರ ಹುಟ್ಟುವ ಮೊದಲು ಈ ಭಾಗವನ್ನು ಆಳಿದ ಕಂಪಿಲರಾಯನ ಹೆಸರು ಊರಿಗೆ ಅಂಟಿಕೊಂಡಿದೆ. 1327ರ ಸುಮಾರಿಗೆ ದಿಲ್ಲಿಯ ಸೈನ್ಯಕ್ಕೆ ಆ ರಾಜ್ಯ ಬಿತ್ತು. ಆದರೆ ರಾಜಕುಮಾರ ಕುಮಾರರಾಮ ಜನರ ಬಾಯಲ್ಲಿ ಉಳಿದ, ಕಾವ್ಯಗಳಲ್ಲಿ ಉಳಿದ, ಬಯಲಾಟದಲ್ಲಿಯೂ ಉಳಿದ.

ಬಯಲಾಟಕ್ಕೆ ತಿಂಗಳುಗಟ್ಟಲೆ ತಾಲೀಮು. ಹಗಲು ಹೊಲದಲ್ಲಿ ದುಡಿದವರು ರಾತ್ರಿ ಮಾಸ್ತರರ ಮುಂದೆ ನಿಂತು ಮಾತು, ಪದ, ಕುಣಿತ ಕಲಿಯುತ್ತಾರೆ. ಆಟದ ರಾತ್ರಿ ಮೊದಲು ಮದ್ದಳೆ, ಹಾರ್ಮೋನಿಯಂ, ತಾಳ ಮೊಳಗುತ್ತವೆ. ಗಣಪತಿಯ ಸ್ತುತಿಯಾಗುತ್ತದೆ. ಆಮೇಲೆ ಸಾರಥಿ ಬರುತ್ತಾನೆ, ಪಾತ್ರಗಳನ್ನು ಮಾತಾಡಿಸಿ ಅವರ ಪರಿಚಯ ಹೇಳಿಸುತ್ತಾನೆ. ಅಷ್ಟರೊಳಗೆ ಸುತ್ತಲ ಹಳ್ಳಿಯವರು ಚಾಪೆ, ಕಂಬಳಿ ಹಿಡಿದು ಬಂದು ಜಾಗ ಹಿಡಿಯುತ್ತಾರೆ. ಕರಾವಳಿಯ ಯಕ್ಷಗಾನದಲ್ಲಿ ಆಟಕ್ಕೆ ಮೊದಲು ಕೇಳಿ ಬಾರಿಸುವುದೂ ಇದಕ್ಕಾಗಿಯೇ. ಮೈಕು ಇಲ್ಲದ ಕಾಲದಲ್ಲಿ 'ಇಲ್ಲಿ ಆಟ ಇದೆ, ಬನ್ನಿ' ಎಂದು ಹೇಳುತ್ತಿದ್ದದ್ದು ಚೆಂಡೆ ಮದ್ದಳೆಗಳೇ.

ಮೊಹರಂ ದಿನಗಳಲ್ಲಿ ಈ ಭಾಗದಲ್ಲಿ ಕೇಳುವ ತಾಷಾ ವಾದ್ಯದ ಬಿರುಸು ಬೇರೆಯೇ. ಸಣ್ಣ ಬಾಯಿಯ ತಾಷಾ ಚುರುಕಾಗಿ ನುಡಿದರೆ, ಜೊತೆಯ ದೊಡ್ಡ ಡೋಲು ಗಂಭೀರವಾಗಿ ಉತ್ತರ ಕೊಡುತ್ತದೆ. ಬ್ಯಾಂಡಿನ ಸೈಡ್ ಡ್ರಮ್ಮಿಗೂ ದೊಡ್ಡ ಡ್ರಮ್ಮಿಗೂ ನಡೆಯುವ ಸಂವಾದದಂತೆಯೇ ಇದು. ಅಲಾಯಿ ಕುಣಿಯುವವರಲ್ಲಿ ಹಿಂದೂಗಳೂ ಇರುತ್ತಾರೆ, ಮುಸ್ಲಿಮರೂ ಇರುತ್ತಾರೆ. ತಾಳ ತಪ್ಪಬಾರದು ಎಂಬುದೊಂದೇ ಅಲ್ಲಿನ ನಿಯಮ.

ಈಗ ಈ ಎಲ್ಲ ದನಿಗಳ ಎದುರು ಬಂದು ನಿಂತಿರುವುದು ಡಿಜೆ. ಟ್ರ್ಯಾಕ್ಟರಿನ ಮೇಲೆ ಪೆಟ್ಟಿಗೆಗಳನ್ನು ಪೇರಿಸಿ ಗುಂಡಿ ಒತ್ತಿದರೆ ಆಯಿತು. ಬಂದವರು ಸೇರಿದರೋ ಇಲ್ಲವೋ ನೋಡಬೇಕಾಗಿಲ್ಲ, ಶ್ರುತಿ ಕೂಡಿಸಬೇಕಾಗಿಲ್ಲ. ಹತ್ತು ಜನ ಬ್ಯಾಂಡಿನವರಿಗೆ ಕೊಡುವ ಹಣದಲ್ಲಿ ರಾತ್ರಿಯಿಡೀ ಸದ್ದು! ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ನಿಯಮ ಎಷ್ಟು ಪಾಲನೆಯಾಗುತ್ತದೆ ಎಂಬುದನ್ನು ಪರೀಕ್ಷೆಯ ಹಿಂದಿನ ರಾತ್ರಿ ಓದಲು ಕುಳಿತ ವಿದ್ಯಾರ್ಥಿಗಳೇ ಹೇಳಬೇಕು. ಬ್ಯಾಂಡಿನವರು ಜನರ ಮುಖ ನೋಡಿ ನುಡಿಸುತ್ತಾರೆ, ಮಗು ಮಲಗಿದ್ದರೆ ದನಿ ತಗ್ಗಿಸುತ್ತಾರೆ, ಆಸ್ಪತ್ರೆ ಬಂದರೆ ನಿಲ್ಲಿಸುತ್ತಾರೆ. ಪೆಟ್ಟಿಗೆಗೆ ಕಣ್ಣಿಲ್ಲ.

ಮಕ್ಕಳಿಗೆ, ಪಾಲಕರಿಗೆ

ಬ್ಯಾಂಡ್ ಕಲಿತರೆ ಮುಂದೇನು ಎಂಬ ಪಾಲಕರ ಪ್ರಶ್ನೆಗೆ ಉತ್ತರಗಳಿವೆ. ಪೊಲೀಸ್ ಇಲಾಖೆಯಲ್ಲಿ, ಸೇನೆಯಲ್ಲಿ ಬ್ಯಾಂಡುಗಳಿವೆ. ಮಧ್ಯಪ್ರದೇಶದ ಪಚಮಢಿಯಲ್ಲಿರುವ ಸೇನೆಯ ಸಂಗೀತ ತರಬೇತಿ ಕೇಂದ್ರ 1950ರಲ್ಲಿ ಶುರುವಾದದ್ದು ನಮ್ಮ ಕೊಡಗಿನ ಜನರಲ್ ಕೆ.ಎಂ. ಕಾರ್ಯಪ್ಪನವರ ಪ್ರಯತ್ನದಿಂದ. ಜನವರಿ 29ರಂದು ದೆಹಲಿಯಲ್ಲಿ ನಡೆಯುವ ಬೀಟಿಂಗ್ ರಿಟ್ರೀಟ್ ಕಾರ್ಯಕ್ರಮವನ್ನು ದೂರದರ್ಶನದಲ್ಲಿ ನೋಡಿದವರಿಗೆ ಸೇನೆಯ ಬ್ಯಾಂಡುಗಳ ಮಟ್ಟ ಎಂಥದೆಂಬುದು ತಿಳಿದೀತು. ಹತ್ತಿರದಲ್ಲೇ, 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಸಂಗೀತ ಕಲಿಯಲು ಅವಕಾಶವಿದೆ.

ನೌಕರಿಯ ಮಾತು ಬದಿಗಿರಲಿ. ಬ್ಯಾಂಡಿನಲ್ಲಿ ನಿಂತ ಮಗು ಮೊದಲು ಕಲಿಯುವುದು ಪಕ್ಕದವರ ದನಿ ಕೇಳುವುದನ್ನು. ತಾನೊಬ್ಬನೇ ಜೋರಾಗಿ ಊದಿದರೆ ಮೇಳ ಕೆಡುತ್ತದೆ. ತನ್ನ ಸರದಿ ಬರುವವರೆಗೆ ಹದಿನಾರು ಮಾತ್ರೆ ಎಣಿಸಿಕೊಂಡು ಸುಮ್ಮನಿರಬೇಕು. ಬಂದಾಗ ತಪ್ಪದೆ ಸೇರಬೇಕು. ಗಣಿತ, ಶಿಸ್ತು, ತಾಳ್ಮೆ ಮೂರೂ ಒಂದೇ ಪಾಠದಲ್ಲಿ ಸಿಗುತ್ತವೆ.

ದೊಡ್ಡವರು ಮಾಡಬೇಕಾದದ್ದು ಇನ್ನೂ ಸುಲಭ. ಸಭೆಗೆ ಹತ್ತು ನಿಮಿಷ ಮೊದಲು ಹೋಗುವುದು. ಆರಂಭದ ವಾದ್ಯ ನುಡಿಯುವಾಗ ಮಾತು ನಿಲ್ಲಿಸುವುದು. ಮದುವೆಯ ಊಟಕ್ಕೆ ಪಂಕ್ತಿ ಹಾಕಿದಾಗ ಬ್ಯಾಂಡಿನವರಿಗೆ ಕೊನೆಯ ಪಂಕ್ತಿಯಲ್ಲಿ ಅಲ್ಲ, ನೆಂಟರ ಜೊತೆಯಲ್ಲೇ ಎಲೆ ಹಾಕುವುದು. ಬೇಸಿಗೆ ರಜೆಯಲ್ಲಿ ಹಂಪಿಗೆ ಹೊರಟ ಕುಟುಂಬಗಳು ಮಹಾನವಮಿ ದಿಬ್ಬದ ಪಕ್ಕದಲ್ಲಿ ಐದು ನಿಮಿಷ ನಿಂತು, ಅರಸರ ಹೆಸರು ಓದುವ ಮೊದಲು ಮದ್ದಳೆ ಬಾರಿಸುವ ಆ ಸಣ್ಣ ಶಿಲ್ಪಗಳನ್ನು ಮಕ್ಕಳಿಗೆ ತೋರಿಸಲಿ. ಅವರ ಹೆಸರನ್ನು ಯಾವ ಶಾಸನವೂ ಬರೆದಿಟ್ಟಿಲ್ಲ. ಆದರೆ ಅವರು ಕೈ ಎತ್ತದೆ ಅಲ್ಲಿ ಯಾವ ಹಬ್ಬವೂ ಶುರುವಾಗುತ್ತಿರಲಿಲ್ಲ.